ಹಿರಣಿಯ ಎಡ ಪಕ್ಕೆ

ಐನಾಪುರಕ್ಕೆ ಹೋಗಿ ಧರಣೇಂದ್ರ ಮಗದುಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಜನ ನಿಮ್ಮ ಮುಖ ನೋಡುತ್ತಾರೆ. ಧರಣೇಂದ್ರರಿಗೂ ಮಗದುಮ್ಮರಿಗೂ ಆ ಊರಲ್ಲಿ ಬರವಿಲ್ಲ. ‘ಕುದುರಿ ಧರಣಣ್ಣ’ ಎಂದು ಕೇಳಿ, ಬಸ್ ಸ್ಟ್ಯಾಂಡಿನ ಚಹಾದಂಗಡಿಯವನೇ ಎದ್ದು ಬಂದು ದಾರಿ ತೋರಿಸುತ್ತಾನೆ. ಈಗ ಅವನ ಮನೆಯ ಮುಂದೆ ಕುದುರೆ ಇಲ್ಲ, ಅವನು ಕುದುರೆ ಹತ್ತುವುದೂ ಇಲ್ಲ. ಆದರೂ ಹೆಸರು ಬಿಟ್ಟಿಲ್ಲ. ಯಾರಾದರೂ ಹಾಗೆ ಕರೆದಾಗಲೆಲ್ಲ ಅವನ ಮುಖ ಸಣ್ಣದಾಗುತ್ತದೆ. ಶುಗರ್ ಬಂದು ಕಾಲು ಕೈಕೊಟ್ಟವು, ಪಾಪ, ಅಷ್ಟು ಚೆಂದ ಕುದುರೆ ಓಡಿಸುತ್ತಿದ್ದವನು ಎಂದು ಜನ ಮರುಗುತ್ತಾರೆ. ಮರುಗಬೇಕಾದದ್ದು ಅವನಿಗಲ್ಲ. ಅದು ಅವನಿಗೂ ಗೊತ್ತು, ಅದಕ್ಕೇ ಮುಖ ಸಣ್ಣದಾಗುವುದು.

ಕೃಷ್ಣೆಯ ದಂಡೆಯ ಈ ಜೈನರ ಊರುಗಳಲ್ಲಿ ಬಸದಿಯ ಪಂಚಕಲ್ಯಾಣ ಪೂಜೆ ಬಂತೆಂದರೆ ದೊಡ್ಡ ಮೆರವಣಿಗೆ. ಆನೆಯ ಮೇಲೆ ಇಂದ್ರ-ಇಂದ್ರಾಣಿಯಾಗಿ ಕೂರುವ ದಂಪತಿ, ಹಿಂದೆ ಬ್ಯಾಂಡು, ಕಳಸ ಹೊತ್ತ ಹೆಂಗಸರು. ಇವರೆಲ್ಲರಿಗಿಂತ ಮುಂದೆ ಧ್ವಜದ ಕುದುರೆ. ಆ ಕುದುರೆಯ ಮೇಲೆ ಧರಣೇಂದ್ರನ ಅಪ್ಪ ಕೂರುತ್ತಿದ್ದ, ಆಮೇಲೆ ಧರಣೇಂದ್ರ ಕೂತ. ಕಾಗವಾಡ, ಅಥಣಿ, ರಾಯಬಾಗ ಕಡೆಯಿಂದಲೂ ಕರೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಅವನು ಕಬ್ಬು ಬೆಳೆಯುವ, ಫ್ಯಾಕ್ಟರಿಯವರನ್ನು ಬೈಯುವ, ಮೋಟಾರು ಸುಟ್ಟರೆ ತಲೆ ಮೇಲೆ ಕೈ ಹೊತ್ತು ಕೂರುವ ಎಲ್ಲರಂಥ ರೈತನೇ. ಕುದುರೆ ಏರಿದರೆ ಮಾತ್ರ ಬೇರೆ ಆಳು.

ಧ್ವಜದ ಸವಾರಿ ಸುಲಭದ್ದಲ್ಲ. ಬಲಗೈಯಲ್ಲಿ ಉದ್ದನೆಯ ಕೋಲಿನ ಧ್ವಜ, ಗಾಳಿ ಬಂದರೆ ಅದೇ ಸವಾರನನ್ನು ಎಳೆಯುತ್ತದೆ. ಎಡಗೈಯಲ್ಲಿ ಲಗಾಮು ಹೆಸರಿಗೆ ಮಾತ್ರ. ಕುದುರೆಗೆ ಹೇಳುವುದನ್ನೆಲ್ಲ ಹಿಮ್ಮಡಿಯಿಂದಲೇ ಹೇಳಬೇಕು. ಅಪ್ಪ ಕಲಿಸಿದ್ದು ಅದನ್ನೇ. “ಹಿಮ್ಮಡಿಲೆ ಹೊಡೀಬ್ಯಾಡೋ ಧರಣ್ಯಾ, ಇಡು. ಮಲಗಿದ ಕೂಸಿನ ಮೈಮ್ಯಾಲೆ ಕೈ ಇಟ್ಟಂಗ ಇಡು. ಅದಕ್ಕ ಅಷ್ಟ ಸಾಕು.” ಧರಣೇಂದ್ರ ಹಾಗೆಯೇ ಕಲಿತ. ಅಕಲೂಜದ ಕುದುರೆ ಸಂತೆಯಿಂದ ಮರಿಯಾಗಿದ್ದಾಗ ತಂದ ಕೆಂಪು ಹೆಣ್ಣು ಕುದುರೆಗೆ ಹಿರಣಿ ಎಂದು ಹೆಸರಿಟ್ಟು, ಅದಕ್ಕೂ ಹಾಗೆಯೇ ಕಲಿಸಿದ. ಎಡ ಹಿಮ್ಮಡಿ ಮುಟ್ಟಿಸಿದರೆ ಬಲಕ್ಕೆ ಸರಿಯುತ್ತಿತ್ತು, ಎರಡೂ ಮುಟ್ಟಿಸಿದರೆ ನಡೆಯುತ್ತಿತ್ತು. ಪಟಾಕಿ ಸಿಡಿದರೂ ಕಿವಿ ಅಲುಗಿಸುತ್ತಿರಲಿಲ್ಲ. ಮೆರವಣಿಗೆ ಮುಗಿದ ಮೇಲೆ ಅವನ ಕಿಸೆಗೆ ಮೂತಿ ಹಾಕಿ ಬೆಲ್ಲ ಹುಡುಕುತ್ತಿತ್ತು. ಹೆಂಡತಿ ಸ್ನೇಹಲಳಿಗೆ ಅವನ ಅಂಗಿಯ ಕಿಸೆಗಳ ಇರುವೆ ಕೊಡವುವುದೇ ಒಂದು ಕೆಲಸವಾಗಿತ್ತು. ಇರುವೆಗೆ ನೋವಾಗದಂತೆ ಕೊಡವಬೇಕಲ್ಲ, ಜೈನರ ಮನೆ.

ಅವನ ಇನ್ನೊಂದು ಶೋಕಿ ಚಪ್ಪಲಿ. ಅಥಣಿಯಲ್ಲಿ ಹೊಲಿಸಿದ ಕೊಲ್ಹಾಪುರಿ ಚಪ್ಪಲಿ, ಬೇಗ ಸವೆಯಬಾರದೆಂದು ಹಿಮ್ಮಡಿಗೆ ಕಬ್ಬಿಣದ ನಾಲು ಹೊಡೆಸಿದ್ದು. ಕರ್ ಕರ್ ಎಂದು ಅವನು ಬರುವುದು ಓಣಿಗೆಲ್ಲ ಕೇಳುತ್ತಿತ್ತು. ನೀರು ಸೋಸಿ ಕುಡಿಯುವವರು, ಹೊತ್ತು ಮುಳುಗಿದ ಮೇಲೆ ಉಣ್ಣದವರು ತೊಗಲಿನ ಚಪ್ಪಲಿ ಮೆಟ್ಟಬಹುದೇ ಎಂದು ಯಾರಾದರೂ ಕೆಣಕಿದರೆ ನಗುತ್ತಿದ್ದ. ಅದೇ ಚಪ್ಪಲಿ ಹಾಕಿಕೊಂಡೇ ಕುದುರೆ ಹತ್ತುತ್ತಿದ್ದ. ಹಿಮ್ಮಡಿಯನ್ನು ಹೂವಿನಂತೆ ಇಡುವವನಿಗೆ ನಾಲು ಇದ್ದರೇನು, ಬಿಟ್ಟರೇನು?

ಶುಗರ್ ಅವನಿಗೆ ಯಾವಾಗಲೋ ಬಂದಿತ್ತು. ಕಬ್ಬಿನ ಸೀಮೆಯಲ್ಲಿ ಶುಗರ್ ಬರುವುದಕ್ಕೆ ಯಾರೂ ಗಾಬರಿಯಾಗುವುದಿಲ್ಲ, ಮನೆಗೊಬ್ಬರಿಗೆ ಇರುತ್ತದೆ. ಪೇಢೆ ತಿನ್ನಬಾರದು, ಗುಳಿಗೆ ನುಂಗಬೇಕು, ಅಷ್ಟೇ ಎಂದುಕೊಂಡ. ಗುಳಿಗೆಯನ್ನೂ ನೆನಪಾದಾಗ ನುಂಗಿದ. ಕಾಲಲ್ಲಿ ಇರುವೆ ಹರಿದಂತಾಗುತ್ತಿದೆ ಎಂದಾಗ ಸ್ನೇಹಲ ಮೀರಜಕ್ಕೆ ಹೋಗಿ ತೋರಿಸಿಕೊಂಡು ಬರೋಣ ಎಂದಳು. ಹೊಲದಲ್ಲಿ ನಿಂತು ನಿಂತು ಜೋಮು ಹಿಡಿದಿದೆ ಎಂದು ಅವನು ಮಾತು ಹಾರಿಸಿದ. ಮುಂದೆ ಇರುವೆ ಹರಿಯುವುದೂ ನಿಂತಿತು. ವಾಸಿಯಾಯಿತು ಎಂದು ಖುಷಿಪಟ್ಟ. ಹತ್ತಿಯ ಮೇಲೆ ನಡೆದಂತಾಗುತ್ತಿತ್ತು, ಅದನ್ನು ಯಾರಿಗೂ ಹೇಳಲಿಲ್ಲ.

ಅದೇ ದಿನಗಳಲ್ಲಿ ಹಿರಣಿ ಕೆಟ್ಟಿತು. ಅವನ ಕಣ್ಣಿಗೆ ಕಂಡದ್ದು ಹಾಗೆ. ಮುಟ್ಟಿದರೆ ಸರಿಯುತ್ತಿದ್ದ ಕುದುರೆ ಈಗ ಕತ್ತು ತಿರುಗಿಸಿ ಅವನ ಕಾಲನ್ನೇ ನೋಡುತ್ತಿತ್ತು, ಬಾಲ ಝಾಡಿಸುತ್ತಿತ್ತು. ತಾನು ಹಿಮ್ಮಡಿ ಇಟ್ಟೆನೋ ಇಲ್ಲವೋ ಎಂಬುದು ಅವನಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ, ಹಾಗಾಗಿ ತಿಳಿಯುವ ತನಕ ಒತ್ತುತ್ತಿದ್ದ. ಒತ್ತಿದ್ದು ಅವನಿಗೆ ಗೊತ್ತಾಗುವ ಹೊತ್ತಿಗೆ ಕುದುರೆಗೆ ಏನಾಗಿರಬೇಕು ಎಂದು ಯೋಚಿಸಲಿಲ್ಲ. ಎಡ ಪಕ್ಕೆಯಲ್ಲಿ ಕೂದಲು ಹೋಗಿ ಕೆಂಪಾಗಿದ್ದನ್ನು ಮೊದಲು ಕಂಡವಳು ಸ್ನೇಹಲ.

“ರೀ, ಇಲ್ಲಿ ಗಾಯ ಆಗೇತಿ ನೋಡ್ರಿ.”

“ಬೆನ್ನಿನ ತಡಿ ಕಟ್ಟೂ ಪಟ್ಟಿ ತಿಕ್ಕೇತಿ. ಅರಿಶಿಣ-ಎಣ್ಣಿ ಹಚ್ಚು.”

“ಪಟ್ಟಿ ಮುಂದ ಐತಲ್ರಿ. ಇದು ನಿಮ್ಮ ಕಾಲ ಬರೂ ಜಾಗಾ.”

“ನೀ ಯಾವಾಗ ಕುದುರಿ ಹತ್ತಿದ್ದಿ, ನನಗ ಹೇಳಾಕ?” ಎಂದು ಅವನು ಜೋರು ಮಾಡಿದ. ಅವಳು ಅರಿಶಿನ ಹಚ್ಚಿದಳು. ಗಾಯ ಒಣಗುವ ಮೊದಲೇ ಮತ್ತೆ ಸವಾರಿ.

ಕಳೆದ ಮಾಘದಲ್ಲಿ ಊರಿನದೇ ಬಸದಿಯ ಪಂಚಕಲ್ಯಾಣ ಬಂತು. ಪೇಟೆಯ ತಿರುವಿನಲ್ಲಿ ಗಾಳಿ ಧ್ವಜವನ್ನು ಎಳೆಯಿತು. ಧರಣೇಂದ್ರ ಕುದುರೆಯನ್ನು ಬಲಕ್ಕೆ ಸರಿಸಲು ಎಡ ಹಿಮ್ಮಡಿ ಒತ್ತಿದ, ಸಾಲದೆನ್ನಿಸಿ ಇನ್ನೂ ಒತ್ತಿದ. ಹಿರಣಿ ಮುಂಗಾಲೆತ್ತಿ ನಿಂತುಬಿಟ್ಟಿತು. ಧ್ವಜ ಅವನ ಕೈ ತಪ್ಪಿ ನೆಲಕ್ಕೆ ಬಿತ್ತು. ಬ್ಯಾಂಡು ನಿಂತಿತು. ಕಳಸ ಹೊತ್ತ ಹೆಂಗಸರು ಹಿಂದೆ ಸರಿದರು. ಇಡೀ ಪೇಟೆ ನೆಲದ ಮೇಲಿನ ಆ ಬಟ್ಟೆಯನ್ನು ನೋಡಿತು.

ಬಸದಿಯ ಹಿರಿಯ ಜಿನೇಂದ್ರ ಕಾಕಾ ಧ್ವಜ ಎತ್ತಿ ಕಣ್ಣಿಗೊತ್ತಿಕೊಂಡರು. “ನಿನ್ನ ತಪ್ಪಲ್ಲೋ ಧರಣೂ. ಈ ಕುದುರಿ ಕೆಟ್ಟು ಖೋಡಿ ಆಗೇತಿ. ಮಾರಿ ದಾಟಿಸಿಬಿಡು” ಎಂದರು. ಧರಣೇಂದ್ರ ತಲೆಯಾಡಿಸಿದ. ನಿನ್ನ ತಪ್ಪಲ್ಲ ಎಂಬ ಮಾತು ಆ ಹೊತ್ತಿನಲ್ಲಿ ಎಷ್ಟು ಹಿತವಾಗಿತ್ತೆಂದರೆ, ಅದರ ಬೆನ್ನಿಗೇ ಬಂದ ಮಾತನ್ನೂ ಅವನು ಹಾಗೇ ನುಂಗಿಬಿಟ್ಟ.

ವಾರದೊಳಗೆ ಚಿಕ್ಕೋಡಿಯ ವಿಶಾಲ ಬಂದ. ಮದುಮಗನನ್ನು ಕುದುರೆ ಮೇಲೆ ಮೆರೆಸುವ ವರಾತಿಗೆ, ಗಣಪತಿ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವ ಮನುಷ್ಯ. ಧರಣಣ್ಣನ ಕುದುರೆ ಸಿಗುವುದೆಂದರೆ ಅವನಿಗೆ ಹಬ್ಬ. ಟೆಂಪೋ ಏರುವಾಗ ಹಿರಣಿ ತಿರುಗಿ ತಿರುಗಿ ನೋಡಿತು. ಧರಣೇಂದ್ರ ಅದರ ಕಡೆ ನೋಡದೆ ವಿಶಾಲನಿಗೆ ಬುದ್ಧಿ ಹೇಳಿದ.

“ಬಾಯಿ ಗಟ್ಟಿ ಆಗೇತಿ ತಮ್ಮಾ ಇದರದು. ಮಾತ ಕೇಳೂದುಲ್ಲ. ಮುಳ್ಳಿನ ಲಗಾಮ ಹಾಕು.”

ಮುಳ್ಳಿನ ಲಗಾಮು ಎಂದರೆ ಬಾಯೊಳಗಿನ ಕಬ್ಬಿಣಕ್ಕೆ ಮೊನೆಗಳಿರುವುದು. ಎಳೆದರೆ ನಾಲಿಗೆಗೆ, ತುಟಿಯ ಮೂಲೆಗೆ ಚುಚ್ಚುತ್ತದೆ. ಧರಣೇಂದ್ರನ ಅಪ್ಪ ಅಂಥದನ್ನು ಮನೆಯ ಹೊಸ್ತಿಲು ದಾಟಿಸಿರಲಿಲ್ಲ. ಅಪ್ಪನ ಮಗ ಅದನ್ನು ತನ್ನ ಬಾಯಿಂದಲೇ ಹೇಳಿ, ಒಳಗೆ ಹೋಗಿ ಊಟಕ್ಕೆ ಕುಳಿತ.

ಮಳೆ ಶುರುವಾದ ಮೇಲೆ ಒಂದು ಮುಂಜಾನೆ ಸ್ನೇಹಲ ಕಸ ಹೊಡೆಯುತ್ತಿದ್ದಾಗ ಪಡಸಾಲೆಯಿಂದ ಅಡಿಗೆಮನೆಯವರೆಗೆ ನೆಲದ ಮೇಲೆ ಕೆಂಪು ಹೆಜ್ಜೆ ಕಂಡಳು. ಒಂದೇ ಕಾಲಿನದು, ಎಡಗಾಲಿನದು. ಧರಣೇಂದ್ರ ಆಗಷ್ಟೇ ಹೊಲದಿಂದ ಬಂದು ಚಪ್ಪಲಿ ಬಿಟ್ಟು ಒಳಗೆ ಹೋಗಿ ಚಹಾ ಕುಡಿಯುತ್ತಿದ್ದ. ಅವಳು ಓಡಿ ಹೋಗಿ ಕಾಲೆತ್ತಿ ನೋಡಿದರೆ ಹಿಮ್ಮಡಿಯಲ್ಲಿ ತೂತು. ನೀರು ಕುಡಿದು ಮೆತ್ತಗಾದ ತೊಗಲಿನೊಳಗಿಂದ ನಾಲಿನ ಮೊಳೆ ಮೇಲೆದ್ದು, ಎಷ್ಟು ಹೊತ್ತಿನಿಂದಲೋ ಚುಚ್ಚುತ್ತಿತ್ತು.

“ನೋಯಲಿಲ್ಲೇನ್ರಿ?”

“ಏನು?” ಎಂದ ಅವನು, ಚಹಾದ ಬಸಿ ಕೈಯಲ್ಲಿ ಹಿಡಿದುಕೊಂಡೇ.

ಮೀರಜದ ಡಾಕ್ಟರು ಗಾಯ ತೊಳೆದು, ಅವನಿಗೆ ಕಣ್ಣು ಮುಚ್ಚಲು ಹೇಳಿದರು. ಪ್ಲಾಸ್ಟಿಕ್ಕಿನ ಗಟ್ಟಿ ದಾರದಂಥದ್ದೊಂದನ್ನು ಅಂಗಾಲಿಗೆ ಮುಟ್ಟಿಸುತ್ತೇನೆ, ಮುಟ್ಟಿದ ಕೂಡಲೇ ಹೇಳಿ ಎಂದರು. ಧರಣೇಂದ್ರ ಕಣ್ಣು ಮುಚ್ಚಿ ಕಾದ. ಬಹಳ ಹೊತ್ತಾದರೂ ಅವರು ಶುರು ಮಾಡಲಿಲ್ಲ ಎನ್ನಿಸಿ, “ಚಾಲೂ ಮಾಡ್ರಿ ಡಾಕ್ಟರ್‌ ಸಾಹೇಬ್ರ” ಎಂದ. ಮಗ್ಗುಲಲ್ಲಿ ನಿಂತಿದ್ದ ಸ್ನೇಹಲ ಸೆರಗು ಬಾಯಿಗೆ ಒತ್ತಿಕೊಂಡಳು. ಡಾಕ್ಟರು ಎರಡೂ ಕಾಲು ಮುಗಿಸಿ ಕೈ ತೊಳೆಯಲು ಹೊರಟಿದ್ದರು.

ಅವತ್ತಿನಿಂದ ಬರಿಗಾಲಲ್ಲಿ ನಡೆಯುವಂತಿಲ್ಲ, ನಾಲಿನ ಚಪ್ಪಲಿ ಮೆಟ್ಟುವಂತಿಲ್ಲ, ಮೆತ್ತನೆಯ ರಬ್ಬರಿನದೇ ಬೇಕು. ಗುಳಿಗೆಯ ಜೊತೆಗೆ ಸೂಜಿಯೂ ಬಂತು. ಕುದುರೆ ಸವಾರಿ ಬಂದ್. ಕಾಲಿನ ಕೆಳಗೆ ಏನಿದೆ ಎಂದು ತಿಳಿಯದವನು ಕುದುರೆ ಮೇಲೆ ಕೂರಬಾರದು ಎಂದರು ಡಾಕ್ಟರು. ಬಿದ್ದರೆ ಕಾಲೇ ಹೋದೀತು ಎಂಬ ಚಿಂತೆ ಅವರದು, ಕುದುರೆಯ ಬಗ್ಗೆ ಅವರಿಗೇನು ಗೊತ್ತು? ಧರಣೇಂದ್ರನಿಗೆ ಮಾತ್ರ ಆ ಮಾತು ಬೇರೆ ಕಡೆ ಹೋಗಿ ನಾಟಿತು.

ಮನೆಗೆ ಬಂದವನು ಹಳೆಯ ಚಪ್ಪಲಿಯನ್ನು ಬಿಸಿಲಿಗೆ ಹಿಡಿದು ನೋಡಿದ. ನಾಲಿಗೂ ತೊಗಲಿಗೂ ನಡುವೆ, ಒಳಬದಿಯಲ್ಲಿ, ಕೆಂಪು ಕೂದಲು ಸಿಕ್ಕಿಕೊಂಡಿತ್ತು. ಹಿರಣಿಯದು. ಹಟ ಹಿಡಿದ ಕುದುರೆ, ಗಟ್ಟಿ ಬಾಯಿಯ ಕುದುರೆ, ಖೋಡಿ ಕುದುರೆ ಎಂದು ಊರೆಲ್ಲ ಅಂದಾಗ ಹೂಂಗುಟ್ಟಿದ್ದು ನೆನಪಾಯಿತು. ಅದು ಕತ್ತು ತಿರುಗಿಸಿ ಅವನ ಕಾಲನ್ನು ನೋಡುತ್ತಿದ್ದದ್ದು ನೆನಪಾಯಿತು. ಮುಳ್ಳಿನ ಲಗಾಮು ಹಾಕು ಎಂದ ತನ್ನ ದನಿಯೂ ನೆನಪಾಯಿತು. ಕಟ್ಟೆಯ ಮೇಲೆ ಕೂತು ಅತ್ತ. ಸವಾರಿ ಹೋಯಿತೆಂದು ಅಳುತ್ತಿದ್ದಾನೆ ಎಂದು ಅಕ್ಕಪಕ್ಕದವರು ಸಮಾಧಾನ ಹೇಳಿದರು. ಸ್ನೇಹಲ ಮಾತ್ರ ಚಪ್ಪಲಿಯನ್ನು ಅವನ ಕೈಯಿಂದ ತೆಗೆದುಕೊಂಡು, ಆ ಕೂದಲನ್ನು ಒಮ್ಮೆ ನೋಡಿ, ಒಳಗೆ ಹೋದಳು. ನಾನು ಆಗಲೇ ಹೇಳಿರಲಿಲ್ಲವೇ ಎಂದು ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಅವತ್ತೇ ಚಿಕ್ಕೋಡಿಗೆ ಹೋಗಬೇಕಿತ್ತು. ಹೋಗಿ ಆ ಲಗಾಮು ತೆಗೆಸಬೇಕಿತ್ತು. ಗಾಯ ಮಾಯಲಿ ಎಂದುಕೊಂಡ. ಮಾಯ್ದ ಮೇಲೆ ಮಳೆ ಎಂದ. ವಿಶಾಲನಿಗೆ ಫೋನು ಮಾಡಲು ನಂಬರು ತೆಗೆಯುತ್ತಿದ್ದ, ಏನೆಂದು ಹೇಳುವುದು ಎಂದು ಇಟ್ಟುಬಿಡುತ್ತಿದ್ದ. ಖೋಡಿ ಎಂದು ಕೊಟ್ಟ ಕುದುರೆಯನ್ನು ಒಳ್ಳೆಯದು ಎನ್ನಬೇಕಾದರೆ ಕೆಟ್ಟದ್ದು ಯಾವುದು ಎಂದು ಹೇಳಬೇಕಾಗುತ್ತದಲ್ಲ! ಉಣ್ಣುವಾಗ ರೊಟ್ಟಿ ಬಾಯಲ್ಲಿಟ್ಟರೆ ನಾಲಿಗೆಗೆ ಕಬ್ಬಿಣ ತಾಗಿದಂತಾಗುತ್ತಿತ್ತು. ನಾಚಿಕೆಗೇಡಿತನ, ಬೇರೆ ಮಾತಿಲ್ಲ. ಅವನಿಗೆ ಗೊತ್ತಿದ್ದ ಮಟ್ಟಿಗೆ ಅವನ ಒಂದು ಫೋನಿಗೆ ಒಂದು ಜೀವದ ಬಾಯಿ ಕಾದಿತ್ತು, ಇವನು ಮಾನ ಕಾಯುತ್ತಿದ್ದ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು, ಉಪವಾಸಗಳು ಮುಗಿದು ಕ್ಷಮಾವಾಣಿಯ ದಿನವೂ ಬಂತು. ಅವತ್ತು ಬಸದಿಯಲ್ಲಿ ಪೂಜೆಯಾದ ಮೇಲೆ ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ಕೈಮುಗಿದು ‘ಉತ್ತಮ ಕ್ಷಮಾ’ ಎನ್ನುವುದು ಪದ್ಧತಿ. ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು. ಮನುಷ್ಯರಿಗಷ್ಟೇ ಅಲ್ಲ, ಸಕಲ ಜೀವಿಗಳಿಗೂ. ಚೆಂದದ ಪದ್ಧತಿಯೇ. ಆದರೆ ಯಾರಿಗೆ ಏನೂ ಮಾಡಿಲ್ಲವೋ ಅವರ ಬಳಿ ಕ್ಷಮೆ ಕೇಳುವುದು ಬಹಳ ಸಲೀಸು. ಧರಣೇಂದ್ರನೂ ರಬ್ಬರ್ ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಚಾಪೆಯ ಮೇಲೆ ಹುಷಾರಾಗಿ ಹೆಜ್ಜೆ ಇಡುತ್ತ, ಎದುರಾದವರಿಗೆಲ್ಲ ಕೈಮುಗಿದ. ಜಿನೇಂದ್ರ ಕಾಕಾ ಅವನ ಹೆಗಲ ಮೇಲೆ ಕೈ ಹಾಕಿದರು.

“ಉತ್ತಮ ಕ್ಷಮಾ, ಧರಣೂ. ನಿನ್ನ ನೋಡಿದ್ರ ಹೊಟ್ಟ್ಯಾಗ ಸಂಕಟ ಆಗತೈತಿ. ಆ ಖೋಡಿ ಕುದುರಿ ಕಾಲ್ಗುಣ ನೋಡು, ಹೋಗೂದು ಹೋತು, ನಿನ್ನ ಕಾಲಿಗೂ ಬ್ಯಾನಿ ಹಚ್ಚಿ ಹೋತು.”

ಸುತ್ತಲಿದ್ದವರು ಹೌದು ಹೌದು ಎಂದರು. ಧರಣೇಂದ್ರನ ಮುಗಿದ ಕೈ ಹಾಗೇ ನಿಂತಿತು. ಅವನ ಬೇನೆಯ ಹೊರೆಯೂ ಈಗ ಆ ಮೂಕಪ್ರಾಣಿಯ ಬೆನ್ನಿಗೇ ಬಿತ್ತು. ಹೊರಗೆ ಬಂದು ಚಪ್ಪಲಿ ಮೆಟ್ಟಿ, ಮನೆಗೂ ಹೋಗದೆ, ಕಿರಾಣಿ ಅಂಗಡಿಯಲ್ಲಿ ಬೆಲ್ಲದ ಹೆಂಟೆ ಕಟ್ಟಿಸಿಕೊಂಡು ಬಸ್ಸು ಹತ್ತಿದ. ರಾಯಬಾಗದಲ್ಲಿ ಬಸ್ಸು ಬದಲಿಸಿದ. ಒಡೆದ ಬಾಯಿ, ಹುಣ್ಣಾದ ನಾಲಿಗೆ, ಎಲುಬು ಕಾಣುವ ಕುದುರೆ, ದಾರಿಯುದ್ದಕ್ಕೂ ಅದೇ ಕಣ್ಣ ಮುಂದೆ ಬಂತು. ಹಾಗೇನಾದರೂ ಆಗಿದ್ದರೆ ವಿಶಾಲನ ಕಾಲು ಹಿಡಿದಾದರೂ ವಾಪಸು ತರುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಮಾಡಿದ.

ವಿಶಾಲನ ಕೊಟ್ಟಿಗೆ ಚಿಕ್ಕೋಡಿಯ ಹೊರಗೆ, ನಿಪ್ಪಾಣಿ ರಸ್ತೆಯ ಮಗ್ಗುಲಲ್ಲಿ. ಹಿಂದಿನ ದಿನ ಗಣಪತಿ ಕಳಿಸುವ ಮೆರವಣಿಗೆ ಮುಗಿದು ಕುದುರೆಗಳ ಮೈಮೇಲೆ ಗುಲಾಲು ಇನ್ನೂ ಉಳಿದಿತ್ತು. ಬೇವಿನ ಗಿಡದ ಕೆಳಗೆ ಹಿರಣಿ ನಿಂತಿತ್ತು. ಮೈ ತುಂಬಿಕೊಂಡಿತ್ತು. ಬಾಯಲ್ಲಿ ಕಬ್ಬಿಣವೇ ಇರಲಿಲ್ಲ, ಮೂತಿಗೆ ನೂಲಿನ ಹಗ್ಗವೊಂದನ್ನು ಸಡಿಲವಾಗಿ ಸುತ್ತಿದ್ದರು. ಬೆನ್ನ ಮೇಲೆ ತಡಿ ಇನ್ನೂ ಇತ್ತು. ಮುಂಜಾನೆಯಷ್ಟೇ ಓಣಿಯ ಮಕ್ಕಳನ್ನು ಕೂರಿಸಿ ಸುತ್ತು ಹಾಕಿಸಿದ್ದಂತೆ.

“ಬರ್ರಿ ಬರ್ರಿ ಅಣ್ಣಾರ!” ವಿಶಾಲ ಓಡಿ ಬಂದು ಕುರ್ಚಿ ಹಾಕಿದ. “ನಿಮ್ಮ ತಬ್ಬೇತಿ ಸುದ್ದಿ ಕೇಳಿ ಭಾಳ ಕೆಟ್ಟ ಅನಸ್ತರಿ.”

“ಲಗಾಮ?” ಎಂದ ಧರಣೇಂದ್ರ.

“ಮುಳ್ಳಿಂದೇನ್ರಿ? ಮೊದಲನೇ ವರಾತಿನ್ಯಾಗ ಹಾಕಿದ್ನಿರಿ. ಬಾಯಿ ತುಂಬ ರಕ್ತ ಬಂತು, ಆದ್ರೂ ಒಂದ ಹೆಜ್ಜಿ ತಪ್ಪಲಿಲ್ಲರಿ ಇದು. ಮದುಮಗನ್ನ ಇಳಿಸಿದವನ ತಗದ ಒಗದ್ನಿ. ಇದಕ್ಕ ದಾರಾ ಸಾಕ್ರಿ ಅಣ್ಣಾರ, ಇದರಂಥಾ ಸಂಭಾವಿತ ಕುದುರಿ ನನ್ನ ಹಂತ್ಯಾಕ ಇನ್ನೊಂದಿಲ್ಲ.” ವಿಶಾಲ ಹಿರಣಿಯ ಕತ್ತು ಸವರಿದ. “ಆವತ್ತ ಹಾಕಾಕ ನನಗೂ ಮನಸ್ಸ ಇರಲಿಲ್ಲರಿ. ಧರಣಣ್ಣಾರು ಹೇಳ್ಯಾರ ಅಂದ್ಮ್ಯಾಲ ಸುಳ್ಳ ಇರೂದುಲ್ಲ ಅಂತ ಹಾಕಿದ್ನಿ.”

ಧರಣೇಂದ್ರ ಹತ್ತಿರ ಹೋದ. ರಬ್ಬರ್ ಚಪ್ಪಲಿ ಸದ್ದು ಮಾಡಲಿಲ್ಲ. ಹಿರಣಿ ಮೂಸಿ ನೋಡಿ, ಗುರುತು ಹಿಡಿದು, ಸೀದಾ ಕಿಸೆಗೆ ಮೂತಿ ಹಾಕಿತು. ಬೆಲ್ಲ ತಿನ್ನುವಾಗ ತುಟಿಯ ಮೂಲೆಯಲ್ಲಿ ಬಿಳಿಯ ಗೆರೆಯೊಂದು ಕಂಡಿತು, ಮಾಯ್ದ ಗಾಯ. ಅವನು ಎರಡೂ ಕೈ ಜೋಡಿಸಿ, ವಿಶಾಲನಿಗೆ ಕೇಳದಂತೆ, “ಉತ್ತಮ ಕ್ಷಮಾ, ಹಿರಣಿ” ಎಂದ. ಕಣ್ಣೀರು ಬಂತು. ಎದೆಯ ಭಾರ ಇಳಿದೇ ಹೋಯಿತು ಎನ್ನಿಸಿತು. ಕ್ಷಮೆ ಕೇಳಿಯಾಯಿತು, ಬೆಲ್ಲವನ್ನೂ ತಿಂದಿತು, ಇನ್ನೇನು ಬೇಕು?

ಮನುಷ್ಯನ ಆಸೆಗೆ ನಾಚಿಕೆ ಎಂಬುದಿಲ್ಲ. ಕಣ್ಣು ಒರೆಸಿಕೊಂಡ ಮರುಗಳಿಗೆಯೇ ಅವನ ಕಣ್ಣು ತಡಿಯ ಮೇಲೆ ಹೋಯಿತು. ಅದನ್ನು ವಿಶಾಲ ಕಂಡ.

“ಕೂಡ್ರಿ ಅಣ್ಣಾರ, ಒಂದ ಸುತ್ತ ಹೋಗಿ ಬರ್ರಿ. ಯಾರ ನೋಡ್ಯಾರ ಇಲ್ಲಿ? ನಾ ಹಗ್ಗಾ ಹಿಡಕೊಂಡ ಬಾಜೂಕ ಬರ್ತೀನಿ.”

ಒಂದೇ ಸುತ್ತು. ಹಗ್ಗ ವಿಶಾಲನ ಕೈಯಲ್ಲಿ, ಕಾಲಲ್ಲಿ ಮೆತ್ತನೆಯ ರಬ್ಬರು. ಯಾರಿಗೆ ಏನು ನೋವು? ಧರಣೇಂದ್ರ ಎಡ ಮಗ್ಗುಲಿಗೆ ಬಂದ. ತಡಿಯ ಅಂಚನ್ನು ಹಿಡಿದ. ರಿಕಾಬಿಗೆ ಇಡಲು ಎಡಗಾಲು ಎತ್ತಿದ. ಕಾಲು ಎಲ್ಲಿದೆ ಎಂದು ತಿಳಿಯಲು ಕಣ್ಣಿಂದ ನೋಡಲೇಬೇಕಿತ್ತು. ಹಾಗಾಗಿ ತಲೆ ಬಗ್ಗಿಸಿದ. ಆಗ ಅದು ಕಂಡಿತು.

ಹಿರಣಿಯ ಎಡ ಪಕ್ಕೆಯ ಚರ್ಮ ನಡುಗುತ್ತಿತ್ತು. ನೊಣ ಕೂತಾಗ ನಡುಗುತ್ತದಲ್ಲ, ಹಾಗೆ. ನೊಣ ಇರಲಿಲ್ಲ. ಕೂದಲು ಬಿಳಿಯಾಗಿ ಬೆಳೆದ ಅಂಗೈಯಷ್ಟು ಜಾಗ ಅದು, ಅಲ್ಲಷ್ಟೇ ನಡುಕ. ಅವನ ಕಾಲು ಇನ್ನೂ ಗಾಳಿಯಲ್ಲಿತ್ತು, ಮುಟ್ಟಿರಲಿಲ್ಲ. ಕುದುರೆ ಹೆಜ್ಜೆ ಕದಲಿಸಲಿಲ್ಲ, ಕತ್ತು ತಿರುಗಿಸಲಿಲ್ಲ. ಬಾಯಲ್ಲಿ ಅವನು ಕೊಟ್ಟ ಬೆಲ್ಲ ಹಾಗೇ ಇಟ್ಟುಕೊಂಡು, ಜಗಿಯುವುದನ್ನು ನಿಲ್ಲಿಸಿ, ಬರುವುದನ್ನು ತಾಳಿಕೊಳ್ಳಲು ಸುಮ್ಮನೆ ನಿಂತಿತ್ತು.

ಧರಣೇಂದ್ರ ಕಾಲು ಕೆಳಗಿಟ್ಟ. ತಡಿ ಬಿಟ್ಟು ಹಿಂದೆ ಸರಿದ. ಅವನು ಸರಿದ ಮೇಲೆ ಹಿರಣಿ ಮತ್ತೆ ಜಗಿಯತೊಡಗಿತು.

“ಯಾಕ್ರಿ ಅಣ್ಣಾರ?” ಎಂದ ವಿಶಾಲ. “ಡಾಕ್ಟರ ಬ್ಯಾಡ ಅಂದಾರೇನ್ರಿ?”

“ಡಾಕ್ಟರ ಈಗ ಅಂದಾರ ತಮ್ಮಾ,” ಎಂದ ಧರಣೇಂದ್ರ. “ಈಕಿ ಅವರಕಿಂತ ಮೊದಲಿಂದ ಬ್ಯಾಡ ಬ್ಯಾಡ ಅನ್ನಾಕತ್ತಿದ್ಳು. ಈಗೂ ಅನ್ನಾಕತ್ತಾಳ.”